ಅಜ್ಜಿಯ ಪೆಟ್ಟಿಗೆಯ 1939ರ ರೂಪಾಯಿ: ಪರೀಕ್ಷೆಗೆ ಕೊಡುವ ಮುನ್ನ ಇದನ್ನು ಓದಿ

ಅಜ್ಜಿಯ ಪೆಟ್ಟಿಗೆಯಲ್ಲಿ ಹದಿನಾಲ್ಕು ಬೆಳ್ಳಿ ರೂಪಾಯಿ. ಅದರಲ್ಲೊಂದು ಆರನೇ ಜಾರ್ಜ್ ತಲೆಯದು, 1939. ವರ್ಷ ಚೆನ್ನಾಗಿ ಕಾಣಲಿ ಎಂದು ಮನೆಯವರು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಪೇಟೆಯಲ್ಲಿ ಹಳೇ ನಾಣ್ಯ ಕೊಳ್ಳುವವರೊಬ್ಬರ ಬಳಿ ಒಯ್ದರು. "ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ, ಬಿಟ್ಟುಹೋಗಿ" ಎಂದಾಗ ಬಿಟ್ಟು ಬಂದರು. ರಸೀದಿಯಲ್ಲಿ ಇದ್ದದ್ದು "ಹಳೆಯ ಬೆಳ್ಳಿ ನಾಣ್ಯ, 1" ಎಂದಷ್ಟೇ. ಮೂರು ವಾರ ಬಿಟ್ಟು "ನಕಲಿ" ಎಂಬ ಚೀಟಿಯ ಜೊತೆ ಒಂದು 1939 ಮರಳಿ ಬಂತು. ತೂಗಿದರೆ 10.9 ಗ್ರಾಂ. ಇದು ನಾವು ಕೊಟ್ಟದ್ದಲ್ಲ ಎನ್ನಲು ಅವರ ಬಳಿ ಒಂದು ಫೋಟೊ ಕೂಡ ಇರಲಿಲ್ಲ.

ನಾಣ್ಯ ಸಂಗ್ರಹಿಸುವವರ ನಡುವೆ ಈ ಕಥೆ ಬೇರೆ ಬೇರೆ ಊರಿನ ಹೆಸರಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಬರುವ ಮೊದಲೇ ನಷ್ಟ ಆಗಿಹೋಗಿರುತ್ತದೆ.

1939ಕ್ಕೆ ಯಾಕಿಷ್ಟು ಆಸೆ? ಬ್ರಿಟಿಷ್ ಭಾರತದ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ. ಯುದ್ಧ ಶುರುವಾದ ಮೇಲೆ 1940ರಿಂದ ಬೆಳ್ಳಿಯನ್ನು ಶೇಕಡಾ 50ಕ್ಕೆ ಇಳಿಸಿದರು. ಒಳ್ಳೆ ಬೆಳ್ಳಿಯ ಕೊನೆಯ ರೂಪಾಯಿ 1939ರದ್ದು, ಕೈಗೆ ಸಿಗುವುದು ಬಹಳ ಅಪರೂಪ. 1938ರದ್ದು ಮಾತ್ರ ಸುಲಭವಾಗಿ ಸಿಗುತ್ತದೆ. ಮೋಸ ಹುಟ್ಟುವುದು ಇಲ್ಲೇ: ಅಸಲಿ 1938ರ 8ನ್ನು ಕೆತ್ತಿ 9 ಮಾಡುತ್ತಾರೆ. ಆ ನಾಣ್ಯ ತೂಕದಲ್ಲಿ ಸರಿ, ಬೆಳ್ಳಿಯಲ್ಲೂ ಸರಿ, ಸುಳ್ಳಾಗಿರುವುದು ಒಂದೇ ಅಂಕಿ. ಅದನ್ನು ತಕ್ಕಡಿ ಹಿಡಿಯುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು 9ರ ಕೆಳ ಅರ್ಧದ ಎಡಭಾಗ, ಅಂದರೆ 8ರ ಕೆಳಸುತ್ತನ್ನು ಕೆತ್ತಿ ತೆಗೆಯುವ ಜಾಗ ನೋಡಿ. ಅಲ್ಲಿ ಸಣ್ಣ ಗೀರು, ಸುತ್ತಲಿನ ನೆಲಕ್ಕಿಂತ ತುಸು ತಗ್ಗು, ಅಥವಾ ಉಳಿದ ಮೂರು ಅಂಕಿಗಿಲ್ಲದ ಹೊಳಪು ಕಂಡರೆ ಅನುಮಾನಪಡಿ.

ಆಭರಣದಂಗಡಿಯಲ್ಲಿ ಎಕ್ಸ್-ಕಿರಣ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿಟ್ಟು "ಬೆಳ್ಳಿ 91 ಬಂತು, ಹಾಗಾದರೆ ಅಸಲಿ" ಎನ್ನುವವರು ಬಹಳ ಮಂದಿ. ಆ ಯಂತ್ರ ಲೋಹ ಯಾವುದೆಂದು ಹೇಳುತ್ತದೆ, ನಾಣ್ಯ ಯಾವ ಕಾಲದ್ದು, ಯಾವ ಟಂಕಸಾಲೆಯದು ಎಂದು ಹೇಳುವುದಿಲ್ಲ. ವಿಜಯನಗರದ ವರಾಹದಲ್ಲಿ ಈ ತಪ್ಪು ಇನ್ನೂ ದುಬಾರಿ. ವರಾಹ ಸುಮಾರು 3.4 ಗ್ರಾಂ ತೂಗುವ ಪುಟ್ಟ ಚಿನ್ನದ ಬಿಲ್ಲೆ. ನಿಜವಾದ ಚಿನ್ನದಲ್ಲೇ ಅದೇ ತೂಕಕ್ಕೆ ನಕಲಿ ಹೊಡೆಯುತ್ತಾರೆ. ಕೃಷ್ಣದೇವರಾಯನ ವರಾಹದ ಬಾಲಕೃಷ್ಣನ ಕೂರುವ ಭಂಗಿ, ಹಿಂಬದಿಯ ಮೂರು ಸಾಲು ನಾಗರಿ ಅಕ್ಷರಗಳ ತಿರುವು, ಇವನ್ನು ಅಸಲಿ ಅಚ್ಚುಗಳ ಜೊತೆ ಹೋಲಿಸಿ ಪಳಗಿದ ಕಣ್ಣಷ್ಟೇ ತೀರ್ಪು ಕೊಡಬಲ್ಲದು. ಹಾಗಾಗಿ ವರಾಹವನ್ನು ತಜ್ಞರಿಗೆ ತೋರಿಸದೆ ಮಾರಲೂಬೇಡಿ, ಪಾಲು ಮಾಡಲೂಬೇಡಿ.

ರೂಪಾಯಿಗಾದರೆ ಮನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಮೊದಲು ನಾಣ್ಯವನ್ನು ಹಾಗೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ, ಗಾಳಿಗುಳ್ಳೆ ಅಂಟಿಕೊಳ್ಳದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಒಳ್ಳೆ ಬೆಳ್ಳಿಯ ರೂಪಾಯಿಗೆ ನೀರಿನ ಅಂಕಿ 1.13ರ ಆಸುಪಾಸು ಬರುತ್ತದೆ, ಭಾಗಿಸಿದರೆ 10.3. ಶೇಕಡಾ 50 ಬೆಳ್ಳಿಯದಾದರೆ 1.22ರ ಹತ್ತಿರ, ಭಾಗಿಸಿದರೆ 9.5. ತಾಮ್ರ–ನಿಕ್ಕಲ್ ಎರಕದ ನಕಲಿಗೆ 9ಕ್ಕಿಂತ ಕೆಳಗೆ. ಸವೆದ ನಾಣ್ಯದ ತೂಕ ಸ್ವಲ್ಪ ಇಳಿದಿರುತ್ತದೆ, ಆದರೆ ಈ ಭಾಗಲಬ್ಧ ಬದಲಾಗುವುದಿಲ್ಲ. ಅಂಚಿನ ಗೆರೆಗಳೆಲ್ಲ ಚೂಪಾಗಿದ್ದೂ ತೂಕ 11ಕ್ಕಿಂತ ಕಡಿಮೆ ಬಂದರೆ ಅದು ಸವೆತವಲ್ಲ. ಆಯಸ್ಕಾಂತವೂ ಒಂದು ಪರೀಕ್ಷೆಯೇ, ಬೆಳ್ಳಿ ಅಂಟುವುದಿಲ್ಲ. ಹಾಗೆಂದು ಹುಲಿ ಚಿತ್ರದ 1947ರ ರೂಪಾಯಿ ಅಂಟಿತೆಂದು ಬಿಸಾಡಬೇಡಿ. ಅದನ್ನು ಮಾಡಿದ್ದೇ ನಿಕ್ಕಲ್‌ನಲ್ಲಿ.

ಈ ಮನೆ ಪರೀಕ್ಷೆ ದಾಟಿದ ಮೇಲೆ ಲೆಕ್ಕ ಹಾಕಿ. 91.7ರ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. ನೀವು ಲೆಕ್ಕ ಹಾಕುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಅದು ನಾಣ್ಯದ ಕನಿಷ್ಠ ಬೆಲೆ. ಪರೀಕ್ಷೆಯ ಶುಲ್ಕ, ಹೋಗುವ ಬರುವ ವಿಮೆ ಸಹಿತ ಸಾಗಣೆ, ಇವೆಲ್ಲ ಸೇರಿದ ಖರ್ಚು ಆ ಬೆಲೆಯನ್ನೇ ಮೀರಿಸಬಹುದು. 1917, 1918, 1919ರ ಐದನೇ ಜಾರ್ಜ್ ರೂಪಾಯಿಗಳು ಕೋಟಿಗಟ್ಟಲೆ ಅಚ್ಚಾಗಿವೆ. ಸಾಮಾನ್ಯ ಸ್ಥಿತಿಯಲ್ಲಿರುವ ಅವನ್ನು ಪರೀಕ್ಷೆಗೆ ಕಳಿಸುವುದು ದುಡ್ಡು ದಂಡ. 1939 ಕಳಿಸಬಹುದು. 1911ರದ್ದೂ ಕಳಿಸಬಹುದು: ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ ಹಿಂತೆಗೆದುಕೊಂಡ ನಾಣ್ಯ ಅದು, 1912ರಲ್ಲಿ ಚಿತ್ರ ತಿದ್ದಿದರು. ಮಾರುವ ಯೋಚನೆಯೇ ಇಲ್ಲ, ದೇವರ ಮನೆಯಲ್ಲೇ ಇಡುತ್ತೀರಿ ಎಂದಾದರೆ ಯಾವುದನ್ನೂ ಕಳಿಸುವ ಅಗತ್ಯವಿಲ್ಲ. ಅಣ್ಣ ತಮ್ಮಂದಿರಲ್ಲಿ ಪಾಲಾಗುವುದಿದ್ದರೆ ಮಾತ್ರ ಒಂದು ತೀರ್ಪು ಕೈಯಲ್ಲಿದ್ದರೆ ಮನಸ್ತಾಪ ತಪ್ಪುತ್ತದೆ.

"1818, ಈಸ್ಟ್ ಇಂಡಿಯಾ ಕಂಪನಿ" ಎಂದು ಬರೆದು ರಾಮ, ಸೀತೆ, ಹನುಮಂತರ ಚಿತ್ರವಿರುವ ತಾಮ್ರದ ಬಿಲ್ಲೆಗಳಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಅದು ಅಕ್ಕಿ ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎನ್ನುವವರು ರೈಸ್ ಪುಲ್ಲಿಂಗ್ ದಂಧೆಯವರು. ಫೋಟೊ ನೋಡಿ ಫೋನಿನಲ್ಲೇ ಲಕ್ಷ ಕೊಡುತ್ತೇವೆಂದು ಒಪ್ಪಿ, ಆಮೇಲೆ "ಆರ್‌ಬಿಐ ಶುಲ್ಕ", "ಕಮಿಷನ್", "ತೆರಿಗೆ" ಎಂದು ಮುಂಗಡ ಕೇಳುವವರದ್ದೂ ಅದೇ ಜಾತಿಯ ಮೋಸ. ಹಳೆ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹುಣಸೆಹಣ್ಣಿನ ವಿಷಯ. ಹುಣಸೆ, ನಿಂಬೆ, ವಿಭೂತಿ, ಹಲ್ಲುಪುಡಿ, ಯಾವುದೂ ಬೇಡ. ದಶಕಗಳಲ್ಲಿ ಕೂತ ಕಪ್ಪು ಪದರವನ್ನು ಹುಳಿ ಕಿತ್ತುಹಾಕುತ್ತದೆ, ತಿಕ್ಕಾಟ ಅಚ್ಚಿನ ಮೂಲ ಹೊಳಪನ್ನೇ ಕೆರೆಯುತ್ತದೆ. ನಾಣ್ಯ ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಎಂದು ನೋಡುವ ಗ್ರೇಡಿಂಗ್ ಸಂಸ್ಥೆಗಳು 1ರಿಂದ 70ರವರೆಗೆ ಅಂಕ ಕೊಡುತ್ತವೆ. ತಿಕ್ಕಿದ ನಾಣ್ಯಕ್ಕೆ ಅಂಕವಿಲ್ಲ, "ತೊಳೆದದ್ದು" ಎಂಬ ಷರಾ ಮಾತ್ರ. ಅಸಲಿ ಎಂದು ಸಾಬೀತಾದರೂ ಸಂಗ್ರಹಕಾರರು ಅದಕ್ಕೆ ಬಹಳ ಕಡಿಮೆ ಕೊಡುತ್ತಾರೆ. ಲಕ್ಷ್ಮೀ ಪೂಜೆಯ ಅರಿಶಿನ ಕುಂಕುಮ ಎಣ್ಣೆಯ ಜೊತೆ ಅಂಟಿಕೊಂಡಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ, ಒಲೆಯಿಂದ ದೂರ, ಕಿಟಕಿ ತೆರೆದು, ಕೆಲವು ನಿಮಿಷ ನೆನೆಸಿ. ಉಗುರು ಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಬೇರೆ ಎಣ್ಣೆ, ಬಣ್ಣ ಸೇರಿರುತ್ತವೆ. ಉಜ್ಜದೆ ಹಾಗೇ ಆರಲು ಬಿಡಿ. ಮೆತ್ತನೆಯ ಪಿವಿಸಿ ಜೇಬಿನ ಆಲ್ಬಮ್ಮಿನಲ್ಲಿ ಇಡಬೇಡಿ, ವರ್ಷಗಳಲ್ಲಿ ಹಸಿರು ಜಿಡ್ಡು ಹತ್ತುತ್ತದೆ. ಕಾಸಿನ ಸರದಿಂದ ಬಿಡಿಸಿದ ನಾಣ್ಯಗಳ ಅಂಚಿನಲ್ಲಿ ಬೆಸುಗೆಯ ಗುರುತು ಇದೆಯೇ ನೋಡಿ. ಇದ್ದರೆ ಅದಕ್ಕೂ ಅಂಕ ಸಿಗುವುದಿಲ್ಲ.

ಕೊಡುವುದೇ ಎಂದು ನಿರ್ಧರಿಸಿದರೆ, ಪರೀಕ್ಷಿಸುವವರೇ ಕೊಳ್ಳುವವರಾಗಿರಬಾರದು. ಅಸಲಿ ಎಂದರೆ ಹೆಚ್ಚು ಕೊಡಬೇಕಾಗುತ್ತದೆ ಎಂದು ಗೊತ್ತಿರುವವರ ತೀರ್ಪಿಗೆ ಬೆಲೆಯಿಲ್ಲ. ಎರಡೂ ಮುಖ, ಅಂಚು, ವರ್ಷದ ಅಂಕಿಗಳ ಹತ್ತಿರದ ಫೋಟೊ ತೆಗೆಯಿರಿ. ಬೆಳಕು ಓರೆಯಾಗಿ ಬೀಳಲಿ, ಗೀರುಗಳು ಎದ್ದು ಕಾಣುತ್ತವೆ, ಆ ಗೀರುಗಳೇ ನಾಣ್ಯದ ಬೆರಳಚ್ಚು. ತಕ್ಕಡಿಯ ಅಂಕಿ ಕಾಣುವಂತೆ ಇನ್ನೊಂದು ಫೋಟೊ. ರಸೀದಿಯಲ್ಲಿ ವರ್ಷ, ಎರಡು ದಶಮಾಂಶದವರೆಗೆ ತೂಕ, ವ್ಯಾಸ, ಎದ್ದು ಕಾಣುವ ಎರಡು ಗುರುತು ಬರೆಸಿ ಸಹಿ ಹಾಕಿಸಿ. ಬರೆಯಲು ಹಿಂಜರಿದರೆ ನಾಣ್ಯ ಜೇಬಿಗೆ ಹಾಕಿಕೊಂಡು ಎದ್ದುಬನ್ನಿ. ಗ್ರೇಡಿಂಗ್ ಸಂಸ್ಥೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟರೂ ಅದರ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ನಿಮ್ಮ ಫೋಟೊದ ಗೀರುಗಳ ಜೊತೆ ಹೋಲಿಸಿ. ಡಬ್ಬಿಗಳದ್ದೂ ನಕಲಿ ಇದೆ.

ಅಮೆರಿಕದಲ್ಲಿರುವ ಮಕ್ಕಳು "ಇಲ್ಲೇ ಗ್ರೇಡ್ ಮಾಡಿಸೋಣ, ಬರುವಾಗ ತನ್ನಿ" ಎನ್ನುವುದುಂಟು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಜೈಲು ಶಿಕ್ಷೆ ಇದೆ. ವರಾಹ, ಟಿಪ್ಪುವಿನ ಕಾಸು, 1911ರ ರೂಪಾಯಿ, ಎಲ್ಲವೂ ಇದರೊಳಗೆ ಬರುತ್ತವೆ. 1939ರದ್ದು ಇನ್ನೂ ಆ ಗೆರೆ ದಾಟಿಲ್ಲ. ಹೊಲದಲ್ಲಿ, ಹಳೇ ಗೋಡೆಯ ಬುಡದಲ್ಲಿ ಸಿಕ್ಕಿದ್ದಾದರೆ ಅದನ್ನು ಪಿತ್ರಾರ್ಜಿತ ಎಂದುಕೊಳ್ಳಬೇಡಿ. 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಈಗಾಗಲೇ ಸರಿಯಾದ ರಸೀದಿಯಿಲ್ಲದೆ ಬಿಟ್ಟು ಬಂದಿದ್ದರೆ, ಇವತ್ತೇ ವಾಟ್ಸ್‌ಆ್ಯಪ್‌ನಲ್ಲಿ ನಾಣ್ಯದ ವರ್ಷ, ನಿಮಗೆ ನೆನಪಿರುವ ಗುರುತುಗಳನ್ನು ಬರೆದು "ಇದು ನಿಮ್ಮ ಬಳಿ ಇದೆ ತಾನೆ" ಎಂದು ಕೇಳಿ, ಉತ್ತರ ಉಳಿಸಿಕೊಳ್ಳಿ. ತಕ್ಕಡಿ ಹಿಡಿದು ಹೋಗಿ, ಅವರ ಎದುರೇ ತೂಗಿ ವಾಪಸ್ ತನ್ನಿ.