ಬಿಲ್ಲಿನಲ್ಲಿ ಕಸಕ್ಕೂ ಒಂದು ಸಾಲು: ನಮ್ಮ ಕೇಟರಿಂಗ್ ಅನುಭವ

ಮನೆ ಒಕ್ಕಲಿಗೆ ಮಂಗಳೂರಿನ ಕದ್ರಿ ಕಡೆಯ ಒಬ್ಬರಿಗೆ ಊಟ ವಹಿಸಿದ್ದೆವು. ಬಾಳೆ ಎಲೆ, ಸ್ಟೀಲ್ ಲೋಟ. ಪ್ಲಾಸ್ಟಿಕ್ ಬಾಟಲಿ ಒಂದೂ ಇರಲಿಲ್ಲ. ಕಡಲೆ ಗಸಿ ತುಂಬ ಚೆನ್ನಾಗಿತ್ತು. ಪಾಯಸಕ್ಕೆ ಬೆಲ್ಲ ಸ್ವಲ್ಪ ಜಾಸ್ತಿ.

ಬಿಲ್ಲಿನಲ್ಲಿ ಕಸ ವಿಲೇವಾರಿಗೆ ಬೇರೆಯೇ ಮೊತ್ತ ಇತ್ತು. ‘ಇದನ್ನು ನಾವ್ಯಾಕೆ ಕೊಡಬೇಕು?’ ಅಂದರು ಭಾವ. ನಾವೇ ಕೊಡಬೇಕು, ಅಲ್ವಾ? ಉಂಡವರು ನಾವು. ಮಾಲಿನ್ಯ ಮಾಡಿದವರೇ ಅದರ ಖರ್ಚು ಹೊರಬೇಕು ಎಂಬ ತತ್ವ ನಮ್ಮ ದೇಶದ ಕಾನೂನಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅದು ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣ. ನಾವು ಕೊಡದಿದ್ದರೆ ಆ ಖರ್ಚು ಬೇರೆ ಯಾರದೋ ತಲೆಗೆ ಬೀಳುತ್ತದೆ. 2019ರ ಆಗಸ್ಟಿನಲ್ಲಿ, ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯಲ್ಲಿ ಕಸದ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟಗಳನ್ನು ಮುಚ್ಚಿತು. ಇಡೀ ನಗರದ ಕಸಕ್ಕೆ ಅಲ್ಲಿನ ಜನ ಮನೆ ಬಿಡಬೇಕಾಯಿತು. ಇದು ಅನ್ಯಾಯ.

ನೂರಕ್ಕಿಂತ ಜಾಸ್ತಿ ಜನ ಸೇರುವಲ್ಲಿ ಕಸ ಬೇರ್ಪಡಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ನಮ್ಮ ಕೇಟರಿಂಗಿನವರು ಅದನ್ನು ನಿಜವಾಗಿ ಮಾಡಿದರು. ಎಲೆ, ಉಳಿದ ಅನ್ನ ಒಂದು ಡ್ರಮ್ಮಿಗೆ. ತೊಳೆದ ಹಾಲಿನ ಪ್ಯಾಕೆಟ್ ಇನ್ನೊಂದಕ್ಕೆ. ಕೈ ತೊಳೆಯುವಲ್ಲಿ ಮಾತ್ರ ಟಿಶ್ಯೂ ಹಾಕಲು ಬುಟ್ಟಿ ಇರಲಿಲ್ಲ.

ನವೆಂಬರಿನಲ್ಲಿ ತಮ್ಮನ ಮದುವೆ. ಅದಕ್ಕೂ ಇವರಿಗೇ ಹೇಳಿದ್ದೇವೆ.