ಆಕಾಶ ಬೇಕಿದ್ದರೆ ಊರಲ್ಲೇ ಇರಿ: ಯುಕೆ ಆಸ್ಟ್ರೋಫಿಸಿಕ್ಸ್ ಡಿಗ್ರಿ, ನಡುವೆ ಲೈಡೆನ್‌ನಲ್ಲಿ ಒಂದು ವರ್ಷ

ರೇಟಿಂಗ್ ಮೊದಲೇ ಕೊಟ್ಟುಬಿಡುತ್ತೇನೆ. ಡಿಗ್ರಿಗೆ ಐದಕ್ಕೆ ಮೂರು. ನಡುವಿನ ಹೊರದೇಶದ ವರ್ಷಕ್ಕೆ ಐದಕ್ಕೆ ಐದು. ಆ ವರ್ಷವನ್ನು ನಡೆಸಿಕೊಡಬೇಕಾದ ಆಫೀಸಿಗೆ ಒಂದು, ಅದೂ ಕೊನೆಗಾದರೂ ಕಾಗದ ಕೈಗೆ ಬಂತಲ್ಲ ಅಂತ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಪಿಯು ಮಕ್ಕಳು 'ಹೇಗಿದೆ ಅಕ್ಕ, ಸೇರಬಹುದಾ' ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಟೈಪ್ ಮಾಡುವುದಕ್ಕಿಂತ ಒಂದೇ ಕಡೆ ಬರೆದು ಹಾಕುವುದು ವಾಸಿ. ಯುಕೆಯ ಯೂನಿವರ್ಸಿಟಿ ಹೆಸರು ಹೇಳುವುದಿಲ್ಲ. ಅವರ ರೆಫರೆನ್ಸ್ ಲೆಟರ್ ನನಗೆ ಇನ್ನೂ ಬೇಕು.

ಕೋರ್ಸ್ ಇರುವುದು ಹೀಗೆ. ನಾಲ್ಕು ವರ್ಷದ ಇಂಟಿಗ್ರೇಟೆಡ್ ಮಾಸ್ಟರ್ಸ್ (ಬ್ಯಾಚುಲರ್ಸ್, ಮಾಸ್ಟರ್ಸ್ ಎರಡೂ ಸೇರಿದ ಒಂದೇ ಡಿಗ್ರಿ), ಅದರಲ್ಲಿ ಮೂರನೇ ವರ್ಷ ಬೇರೆ ದೇಶದ ಯೂನಿವರ್ಸಿಟಿಯಲ್ಲಿ. ಅಲ್ಲಿನ ಮಾರ್ಕ್ಸ್ ಡಿಗ್ರಿಗೆ ಸೇರುತ್ತದೆ, ಅಂದರೆ ಸುಮ್ನೆ ಊರು ಸುತ್ತಿ ಬರುವ ವರ್ಷ ಅಲ್ಲ. ನಾನು ಆರಿಸಿಕೊಂಡದ್ದು ನೆದರ್ಲೆಂಡ್ಸ್‌ನ ಲೈಡೆನ್.

ನಕ್ಷತ್ರ ನೋಡುವ ಆಸೆಯಿಂದ ಇದಕ್ಕೆ ಸೇರುತ್ತೇನೆ ಅನ್ನುವವರು ದಯವಿಟ್ಟು ಸೇರಬೇಡಿ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಪೂರ್ತಿ ಕತ್ತಲೆಯೇ ಆಗುವುದಿಲ್ಲ, ಚಳಿಗಾಲದಲ್ಲಿ ಕತ್ತಲೆ ಬೇಕಾದಷ್ಟು ಸಿಗುತ್ತದೆ ಆದರೆ ಮೋಡ ಬಿಡುವುದಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನ ಛಾವಣಿ ಮೇಲೆ ಒಂದು ಟೆಲಿಸ್ಕೋಪ್ ಇತ್ತು. 'ಇಂದು ವೀಕ್ಷಣೆ ರದ್ದು' ಅನ್ನುವ ಮೇಲ್ ಅದರ ಖಾಯಂ ಮೇಲ್. ಇದು ನನ್ನೊಬ್ಬಳ ಗೊಣಗಾಟ ಅಲ್ಲ. ಇಂಗ್ಲಿಷರೇ ತಮ್ಮ ಐಸಾಕ್ ನ್ಯೂಟನ್ ಟೆಲಿಸ್ಕೋಪನ್ನು 1967ರಲ್ಲಿ ತಮ್ಮ ನೆಲದಲ್ಲೇ ನಿಲ್ಲಿಸಿ, ಈ ಮೋಡದಲ್ಲಿ ಏನೂ ಗಿಟ್ಟುವುದಿಲ್ಲ ಅಂತ ಬಿಚ್ಚಿಕೊಂಡು ಕೆನರಿ ದ್ವೀಪಗಳ ಲಾ ಪಾಲ್ಮಾಕ್ಕೆ ಸಾಗಿಸಿದರು, 1984ರಿಂದ ಅದು ಅಲ್ಲೇ ಇದೆ.

ನಮ್ಮಲ್ಲೂ ಮಳೆಗಾಲದಲ್ಲಿ ಆಕಾಶದ ಸುದ್ದಿಯೇ ಬೇಡ, ನಿಜ. ಆದರೆ ದೀಪಾವಳಿ ಕಳೆದು, ಅಡಿಕೆ ಕೊಯ್ಲು ನಡೆಯುವ ಹೊತ್ತಿನ ಒಂದು ಅಮಾವಾಸ್ಯೆ ರಾತ್ರಿ ಅಂಗಳದ ಲೈಟ್ ಆರಿಸಿ ನೋಡಿ. ಕೃತ್ತಿಕೆ, ರೋಹಿಣಿ, ಆರಿದ್ರಾ, ಲುಬ್ಧಕ ಎಲ್ಲ ಸಾಲಾಗಿ ಇರುತ್ತವೆ. ದಕ್ಷಿಣಕ್ಕೆ ಅಗಸ್ತ್ಯ ಕೂಡ ಕಾಣುತ್ತದೆ, ಅದು ಇಂಗ್ಲೆಂಡಿನಲ್ಲಿ ಯಾವ ಕಾಲಕ್ಕೂ ಏಳುವುದೇ ಇಲ್ಲ. ಹಾಗಾಗಿ ಆಕಾಶದ ವಿಷಯದಲ್ಲಿ ತೀರ್ಥಹಳ್ಳಿಗೇ ನನ್ನ ವೋಟು.

ಮತ್ತೆ ಅಷ್ಟು ದುಡ್ಡು ಕೊಟ್ಟು ಸಿಗುವುದೇನು? ಮೊದಲ ಎರಡು ವರ್ಷ ಬರೀ ಫಿಸಿಕ್ಸ್ ಮತ್ತು ಗಣಿತ. ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಮ್, ಥರ್ಮೋಡೈನಮಿಕ್ಸ್, ಅವುಗಳ ಜೊತೆ ಪೈಥಾನ್ ಪ್ರೋಗ್ರಾಮಿಂಗ್. ಹೆಸರಿಗೆ ಆಸ್ಟ್ರೋ ಅಂತ ವಾರಕ್ಕೆ ಒಂದೆರಡು ಕ್ಲಾಸು, ಅದರಲ್ಲೂ ಮೊದಲ ತಿಂಗಳು ಯೂನಿಟ್ ಜೊತೆಗೇ ಗುದ್ದಾಟ: ಪಿಯುನಲ್ಲಿ ಎಸ್‌ಐ ಎಸ್‌ಐ ಅಂತ ಬಡಿದು ಕಲಿಸಿದ್ದನ್ನು ಬಿಟ್ಟು ಇವರು ಇನ್ನೂ ಸೆಂಟಿಮೀಟರ್, ಗ್ರಾಂ, ಅರ್ಗ್ ಹಿಡಿದುಕೊಂಡು ಕೂತಿದ್ದಾರೆ. ನಕ್ಷತ್ರದ ಹೊಳಪಿನ ಅಂಕಿ ಕೂಡ ಉಲ್ಟಾ, ಹೆಚ್ಚು ಹೊಳೆದರೆ ಅಂಕಿ ಕಡಿಮೆ. ಪಾಠ ಕೆಟ್ಟದಾಗಿರಲಿಲ್ಲ. ದೊಡ್ಡ ಹಾಲು, ಮುನ್ನೂರು ಜನ, ಸ್ಲೈಡು, ರೆಕಾರ್ಡಿಂಗ್. ಇಷ್ಟನ್ನು ಸಹ್ಯಾದ್ರಿ ಸೈನ್ಸ್ ಕಾಲೇಜಿನಲ್ಲಿ ಕೂತು ಓದಿದರೂ ಕಲಿಯಬಹುದು. ಈ ಮಾತು ಅಪ್ಪನ ಮುಂದೆ ಹೇಳಿಲ್ಲ.

ಮೂರನೇ ವರ್ಷಕ್ಕೆ ಎಲ್ಲ ಬದಲಾಯಿತು. ಲೈಡೆನ್ ಯೂನಿವರ್ಸಿಟಿ 1575ರದ್ದು, ಅದರ ವೀಕ್ಷಣಾಲಯ 1633ರಷ್ಟು ಹಳೆಯದು. ಊರಿನ ಗೋಡೆಗಳ ಮೇಲೆ ಸಿನಿಮಾ ಪೋಸ್ಟರ್ ಇಲ್ಲ, ಫಿಸಿಕ್ಸ್ ಸೂತ್ರಗಳು ಇವೆ. ಬೂರ್ಹಾವೆ ಮ್ಯೂಸಿಯಂ ಗೋಡೆ ಮೇಲೆ ಐನ್‌ಸ್ಟೈನ್ ಸಮೀಕರಣ ಬರೆದಿದ್ದಾರೆ, ಸೈಕಲ್ ತುಳಿಯುತ್ತಾ ಓದಬಹುದು. ಅಲ್ಲೂ ಮಳೆಯೇ, ಅಲ್ಲೂ ಮೋಡವೇ, ಮೊದಲ ವಾರ ನೋಡಿ ನಗು ಬಂತು. ಆಗುಂಬೆ ಪಕ್ಕದಿಂದ ಹೊರಟು ಮಳೆ ತಪ್ಪದ ಊರುಗಳನ್ನೇ ಹುಡುಕಿಕೊಂಡು ಖಗೋಳ ಓದುವುದು ಅಂದರೆ ಏನು ಹೇಳೋಣ.

ಆದರೆ ಡಚ್ಚರು ಮೋಡದ ಕಾಟಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ, ರೇಡಿಯೋ. ನಮ್ಮ ಗ್ಯಾಲಕ್ಸಿಯಲ್ಲಿ ಹರಡಿರುವ ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯಲ್ಲಿ ಸಣ್ಣಗೆ ಸದ್ದು ಮಾಡುತ್ತದೆ, ಅದಕ್ಕೆ ಮೋಡವೂ ಅಡ್ಡ ಬರುವುದಿಲ್ಲ, ಹಗಲೂ ಅಡ್ಡ ಬರುವುದಿಲ್ಲ. ಇಂಥ ಅಲೆ ಇರಬಹುದಾ ಅನ್ನುವ ಪ್ರಶ್ನೆ ಎತ್ತಿದ್ದು ಲೈಡೆನ್‌ನ ಖಗೋಳ ವಿಜ್ಞಾನಿ ಯಾನ್ ಊರ್ಟ್. ಅವರ ಮಾತಿನ ಮೇಲೆ ಫಾನ್ ಡೆ ಹುಲ್ಸ್ಟ್ ಅನ್ನುವ ವಿದ್ಯಾರ್ಥಿ 1944ರಲ್ಲಿ, ದೇಶ ಜರ್ಮನರ ಕೈಯಲ್ಲಿದ್ದಾಗ, ಈ ಅಲೆ ಸಿಗಬೇಕು ಅಂತ ಲೆಕ್ಕ ಹಾಕಿದ. 1951ರಲ್ಲಿ ಹಾರ್ವರ್ಡ್‌ನವರು ಮೊದಲು ಹಿಡಿದರು, ಕೆಲವೇ ವಾರಗಳಲ್ಲಿ ಡಚ್ಚರೂ ಹಿಡಿದರು, ಅದೂ ಜರ್ಮನರು ಬಿಟ್ಟುಹೋದ ರೇಡಾರ್ ತಟ್ಟೆಯನ್ನೇ ಆಕಾಶಕ್ಕೆ ತಿರುಗಿಸಿ! ಈ ಕಥೆಯನ್ನು ಅದೇ ಊರಿನ ಕ್ಲಾಸಿನಲ್ಲಿ ಕೂತು ಕೇಳುವುದೇ ಬೇರೆ. ಡ್ವಿಂಗೆಲೋ ಅನ್ನುವ ಡಚ್ ಹಳ್ಳಿಯಲ್ಲಿ 1956ರ 25 ಮೀಟರ್ ರೇಡಿಯೋ ತಟ್ಟೆ ಇನ್ನೂ ನಿಂತಿದೆ, ಈಗ ಹವ್ಯಾಸಿಗಳು ನಡೆಸುತ್ತಾರೆ. ನಾವು ಅಲ್ಲಿಗೆ ಹೋದ ದಿನ ಹೊರಗೆ ಜಡಿಮಳೆ, ಒಳಗೆ ಸ್ಕ್ರೀನ್ ಮೇಲೆ ಹೈಡ್ರೋಜನ್ನಿನ ಉಬ್ಬು ನಿಧಾನಕ್ಕೆ ಮೇಲೆದ್ದಿತು. ಮಲೆನಾಡಿನವರಿಗೆ ಹೇಳಿ ಮಾಡಿಸಿದ ಸೈನ್ಸ್ ಇದು ಅಂತ ಅನ್ನಿಸಿತು.

ನನಗೆ ತುಂಬಾ ಹಿಡಿಸಿದ್ದು ಮಾತ್ರ ಕೃತ್ತಿಕೆಯ ಅಸೈನ್‌ಮೆಂಟ್. ನಕ್ಷತ್ರಗಳ ಜಾಗ, ಚಲನೆ ಅಳೆದ ಯುರೋಪಿನ ಗಾಯಾ ಉಪಗ್ರಹ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟಿದೆ, 2022ರ ಆವೃತ್ತಿ. ಆ ದತ್ತಾಂಶದ ಕೆಲಸದಲ್ಲಿ ಲೈಡೆನ್‌ನವರ ಕೈ ದೊಡ್ಡದು. ಕೃತ್ತಿಕೆ ಅಂದರೆ ಒಂದು ನಕ್ಷತ್ರ ಅಲ್ಲ, ಗುಂಪು. ಅದು ಇರುವ ದಿಕ್ಕಿನಲ್ಲಿ ಸಾವಿರಾರು ನಕ್ಷತ್ರ ಬರುತ್ತವೆ, ಅದರಲ್ಲಿ ನಿಜವಾಗಿ ಗುಂಪಿನವು ಯಾವುವು, ಹಿಂದೆ ಮುಂದೆ ಸುಮ್ನೆ ನಿಂತವು ಯಾವುವು? ಪ್ರತಿಯೊಂದೂ ಆಕಾಶದಲ್ಲಿ ಯಾವ ಕಡೆಗೆ ಎಷ್ಟು ಸರಿಯುತ್ತಿದೆ ಅಂತ ಗ್ರಾಫ್ ಹಾಕಿದರೆ ಎಲ್ಲವೂ ಸೊನ್ನೆಯ ಸುತ್ತ ಚೆಲ್ಲಾಪಿಲ್ಲಿ, ಆದರೆ ದೂರದಲ್ಲಿ ಒಂದು ಕಡೆ, ಜಾತ್ರೆಯಲ್ಲಿ ಕೈ ಹಿಡಿದುಕೊಂಡು ನಡೆಯುವ ಒಂದೇ ಮನೆಯವರ ಹಾಗೆ ಒಂದು ಗುಂಪು ಬೇರೆಯಾಗಿ ನಿಂತಿರುತ್ತದೆ. ಅವೇ. ಅವುಗಳ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಚೀಚೆ ಸರಿದಂತೆ ಕಾಣುವ ಕೋನ) ಸರಾಸರಿ 7.4 ಮಿಲಿ ಆರ್ಕ್‌ಸೆಕೆಂಡ್, ಸಾವಿರವನ್ನು ಅದರಿಂದ ಭಾಗಿಸಿದರೆ ದೂರ 135 ಪಾರ್ಸೆಕ್, ಅಂದರೆ 440 ಜ್ಯೋತಿರ್ವರ್ಷ. ಇದಕ್ಕೂ ಮೊದಲಿನ ಹಿಪ್ಪಾರ್ಕೋಸ್ ಉಪಗ್ರಹ 120 ಪಾರ್ಸೆಕ್ ಹತ್ತಿರ ಅಂತ ಹೇಳಿ, ವರ್ಷಗಟ್ಟಲೆ ಜಗಳ ನಡೆದಿತ್ತು. ಆ ಜಗಳದ ಎರಡೂ ಕಡೆಯ ಪೇಪರ್ ಕೊಟ್ಟು 'ಯಾರು ಸರಿ, ಯಾಕೆ, ನೀನೇ ವಾದಿಸು' ಅಂದರು. ಮಾರ್ಕ್ಸ್ ಇದ್ದದ್ದು ವಾದಕ್ಕೆ, ಉತ್ತರಕ್ಕಲ್ಲ.

ಇದನ್ನು ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಕೃತ್ತಿಕೆ ಅಂದರೆ ಮೇ ತಿಂಗಳ ಮಳೆ, ಆಮೇಲೆ ರೋಹಿಣಿ, ಮೃಗಶಿರ, ಆರಿದ್ರಾ. ಆರಿದ್ರಾ ಮಳೆ ಹೊಯ್ಯುವಾಗ ಸೂರ್ಯ ಆ ನಕ್ಷತ್ರದ ಹತ್ತಿರವೇ ಇರುವುದರಿಂದ ಅದು ರಾತ್ರಿ ಕಾಣುವುದೇ ಇಲ್ಲ ಅಂದೆ. 'ಕಂಡರೆ ತಾನೇ ಏನು, ಮೋಡ ಇರುತ್ತಲ್ಲ' ಅಂದರು. ನ್ಯಾಯವೇ.

ಗಮನಿಸಬೇಕಾದ ವಿಷಯ ಏನೆಂದರೆ ಗಾಯಾ ದತ್ತಾಂಶ ಪೂರ್ತಿ ಉಚಿತ. ತೀರ್ಥಹಳ್ಳಿಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದೇ ಗ್ರಾಫ್ ಹಾಕಬಹುದು. ದುಡ್ಡು ಹೋಗುವುದು ನಕ್ಷತ್ರಕ್ಕೂ ಅಲ್ಲ, ದತ್ತಾಂಶಕ್ಕೂ ಅಲ್ಲ, ಗ್ರಾಫ್ ತಪ್ಪಾದಾಗ ಪಕ್ಕದ ರೂಮಿನ ಬಾಗಿಲು ತಟ್ಟಿ ಕೇಳುವುದಕ್ಕೆ. ಲೈಡೆನ್‌ನಲ್ಲಿ ಆ ಬಾಗಿಲು ನಿಜಕ್ಕೂ ತೆಗೆಯುತ್ತಿತ್ತು. ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕು, ಮೊದಮೊದಲು ನಾಲಿಗೆ ಏಳುವುದಿಲ್ಲ. ಕ್ಲಾಸಿನಲ್ಲಿ ಮೂವತ್ತು ಜನ ಇದ್ದರೆ ಜಾಸ್ತಿ.

ಇನ್ನು ಬೈಗುಳ. ಹೋಗುವ ಮೊದಲು ಯಾವ ಕೋರ್ಸಿಗೆ ಯಾವ ಕೋರ್ಸ್ ಸಮ ಅಂತ ಒಂದು ಒಪ್ಪಂದಕ್ಕೆ ಎರಡೂ ಕಡೆ ಸಹಿ ಬೇಕು. ಯುರೋಪಿನ 60 ಕ್ರೆಡಿಟ್ ಅಂದರೆ ಯುಕೆಯ 120, ಲೆಕ್ಕ ಅಷ್ಟು ಸರಳ. ಆದರೂ ನಮ್ಮ ಆಫೀಸು ಬೇಸಿಗೆ ಪೂರ್ತಿ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿತ್ತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಯುಕೆ ವೀಸಾ ಇದ್ದರೂ ನೆದರ್ಲೆಂಡ್ಸ್‌ಗೆ ಬೇರೆ ವೀಸಾ ಬೇಕು ಅನ್ನುವುದೇ ಅಲ್ಲಿನವರಿಗೆ ಹೊಳೆದಿರಲಿಲ್ಲ, ಜೊತೆಯ ಇಂಗ್ಲಿಷ್ ಹುಡುಗರು ರೂಮು ಹುಡುಕುತ್ತಿದ್ದಾಗ ನಾನು ಸಹಿ ಹುಡುಕುತ್ತಿದ್ದೆ. ಮಾರ್ಕ್ಸ್ ಇನ್ನೊಂದು ತಲೆನೋವು. ಡಚ್ಚರದು ಹತ್ತಕ್ಕೆ ಲೆಕ್ಕ, ಆರು ಬಂದರೆ ಪಾಸು, ಎಂಟು ಬಂದರೆ ಸಿಹಿ ಹಂಚಬೇಕು, ಹತ್ತು ಅನ್ನುವುದು ಸುಮಾರಾಗಿ ಯಾರಿಗೂ ಕೊಡುವುದಿಲ್ಲ. ಅದನ್ನು ಯುಕೆ ಶೇಕಡಾಕ್ಕೆ ಹೇಗೆ ಬದಲಿಸುತ್ತಾರೆ ಅನ್ನುವ ಟೇಬಲ್ ನಮಗೆ ತೋರಿಸಿದ್ದು ಪರೀಕ್ಷೆಗಳೆಲ್ಲ ಮುಗಿದ ಮೇಲೆ. ಸೇರುವ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ರೂಮು ಸಿಗುವುದು ಲೈಡೆನ್‌ನಲ್ಲಿ ನಿಜಕ್ಕೂ ಕಷ್ಟ, ಆಫರ್ ಬಂದ ದಿನವೇ ಶುರು ಮಾಡಿ.

ಇನ್ನೊಂದು, ಇಲ್ಲಿನ ಏಜೆಂಟರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಫಿಸಿಕ್ಸ್‌ನಲ್ಲಿ ಇಂಟಿಗ್ರೇಟೆಡ್ ಮಾಸ್ಟರ್ಸ್‌ಗೆ ಹೋಗುವ ಭಾರತೀಯರಿಗೆ ವೀಸಾಕ್ಕೂ ಮೊದಲು ಅಟಾಸ್ (ATAS) ಅನ್ನುವ, ಯುಕೆ ಸರ್ಕಾರದ ಭದ್ರತಾ ಅನುಮತಿಯ ಸರ್ಟಿಫಿಕೇಟ್ ಬೇಕು. ಫೀಸ್ ಇಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಮೂರು ವರ್ಷದ ಬಿಎಸ್ಸಿಗೆ ಬೇಡ. ಟಿಬಿ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು, ಬ್ಯಾಂಕಿನಲ್ಲಿ ದುಡ್ಡು 28 ದಿನ ಅಲ್ಲಾಡದೆ ಇರಬೇಕು.

ದುಡ್ಡು ಅಂದೆನಲ್ಲ. ಹೊರದೇಶದವರಿಗೆ ಫಿಸಿಕ್ಸ್ ಫೀಸು ಬಹಳಷ್ಟು ಕಡೆ ವರ್ಷಕ್ಕೆ 25 ಸಾವಿರ ಪೌಂಡ್ ಮೇಲೇ, ಪೌಂಡು ನೂರು ರೂಪಾಯಿ ದಾಟಿ ಯಾವುದೋ ಕಾಲ ಆಯಿತು, ಲೆಕ್ಕ ನೀವೇ ಹಾಕಿ. ಹೊರದೇಶದ ವರ್ಷದಲ್ಲಿ ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗಳಿಂದ ಪೂರ್ತಿ ಫೀಸಿನ ಶೇ 15ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಮ್ಮಂಥವರಿಗೆ ಆ ಮಿತಿ ಇಲ್ಲ, ಒಂದೊಂದು ಯೂನಿವರ್ಸಿಟಿ ಒಂದೊಂದು ದರ. ಈ ಒಂದು ಪ್ರಶ್ನೆ ಕೇಳಿದರೆ ಲಕ್ಷಗಳು ಉಳಿಯಬಹುದು. ತೋಟ ಅಡ ಇಟ್ಟು ಲೋನ್ ಮಾಡುವ ಮನೆಗಳು ನಮ್ಮ ಕಡೆ ಕಡಿಮೆ ಇಲ್ಲ, ಅಡಿಕೆ ರೇಟು ಎಂದೂ ಇಳಿಯುವುದಿಲ್ಲ ಅಂತ ನಂಬಿ ಸಹಿ ಹಾಕುತ್ತಾರೆ.

ಪಿಎಚ್‌ಡಿ ಮಾಡಿ ಸಂಶೋಧನೆಗೇ ಹೋಗುತ್ತೇನೆ ಅನ್ನುವವರು ಇಲ್ಲಿನ ದಾರಿಯನ್ನು ಮೊದಲು ನೋಡಿ. ಶಿವಮೊಗ್ಗದಲ್ಲೇ ಬಿಎಸ್ಸಿ, ಆಮೇಲೆ ಜ್ಯಾಮ್ (JAM) ಅಥವಾ ಜೆಸ್ಟ್ (JEST) ಪ್ರವೇಶ ಪರೀಕ್ಷೆ. ಐಐಎಸ್ಸಿಯ ಜಾಯಿಂಟ್ ಅಸ್ಟ್ರಾನಮಿ ಪ್ರೋಗ್ರಾಂ 1982ರಿಂದ ಇದೆ, ಬೆಂಗಳೂರಲ್ಲೇ ರಾಮನ್ ಇನ್‌ಸ್ಟಿಟ್ಯೂಟ್ ಇದೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ (ಐಐಎ) ಇದೆ, ರೇಡಿಯೋ ಬೇಕಾದರೆ ಪುಣೆ ಹತ್ತಿರ 45 ಮೀಟರಿನ ಮೂವತ್ತು ತಟ್ಟೆಗಳ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಇದೆ, ನಮ್ಮ ಗೌರಿಬಿದನೂರಿನಲ್ಲೂ ಒಂದು ರೇಡಿಯೋ ವೀಕ್ಷಣಾಲಯ ಇದೆ. ಪಿಎಚ್‌ಡಿಗೆ ಅವರೇ ಸ್ಟೈಪೆಂಡ್ ಕೊಡುತ್ತಾರೆ. ಸೀಟು ಕಡಿಮೆ, ಪರೀಕ್ಷೆ ಕಷ್ಟ, ಅದು ಬೇರೆ ಮಾತು. ಯುಕೆ ದಾರಿ ಯಾರಿಗೆ ಅಂದರೆ, ಸಾಲದ ಭಾರ ಮನೆಯವರ ಉಸಿರು ಕಟ್ಟಿಸದಂಥ ಸ್ಥಿತಿ ಇರುವವರಿಗೆ, ಅಥವಾ ದೊಡ್ಡ ಸ್ಕಾಲರ್‌ಶಿಪ್ ಸಿಕ್ಕವರಿಗೆ. ಅಲ್ಲೇ ಕೆಲಸ ಮಾಡಿ ಸಾಲ ತೀರಿಸುತ್ತೇನೆ ಅನ್ನುವವರಿಗೆ ಒಂದು ಸುದ್ದಿ: ಓದು ಮುಗಿದ ಮೇಲೆ ಉಳಿಯಲು ಕೊಡುವ ಗ್ರಾಜುಯೇಟ್ ವೀಸಾ ಎರಡು ವರ್ಷ ಇದ್ದದ್ದು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನನ್ನ ಬ್ಯಾಚಿನಲ್ಲಿ ಜಾಸ್ತಿ ಜನ ಹೋದದ್ದು ಬ್ಯಾಂಕು, ಇನ್ಶೂರೆನ್ಸ್, ಡೇಟಾ ಕೆಲಸಕ್ಕೆ. ಪೈಥಾನ್ ಬಂತು, ಆಕಾಶ ಬಿಟ್ಟರು.

ಹೋಗುವುದೇ ಖಚಿತ ಅನ್ನುವವರು ಊರಿನ ಹೆಸರು ನೋಡಿ ಹೊರದೇಶದ ಯೂನಿವರ್ಸಿಟಿ ಆರಿಸಬೇಡಿ. ಅಲ್ಲಿ ಯಾವ ಗುಂಪು ಏನು ಕೆಲಸ ಮಾಡುತ್ತಿದೆ, ನಿಮ್ಮಂಥ ಅತಿಥಿ ವಿದ್ಯಾರ್ಥಿಗೆ ಪ್ರಾಜೆಕ್ಟ್ ಕೊಡುತ್ತಾರಾ ನೋಡಿ. ಮತ್ತೆ ಅರ್ಜಿ ಹಾಕುವ ಮೊದಲು ಯುಕೆ ಯೂನಿವರ್ಸಿಟಿಯ ಆಫೀಸಿಗೆ ಒಂದು ಮೇಲ್ ಮಾಡಿ. ಹೊರದೇಶದ ವರ್ಷಕ್ಕೆ ನನ್ನ ಫೀಸು ಎಷ್ಟು, ಮಾರ್ಕ್ಸ್ ಟೇಬಲ್ ಎಲ್ಲಿ, ಬೇರೆ ವೀಸಾಕ್ಕೆ ಯಾರು ನೆರವಾಗುತ್ತಾರೆ, ಈ ಮೂರೇ ಪ್ರಶ್ನೆ. ವಾರದೊಳಗೆ ನೆಟ್ಟಗೆ ಉತ್ತರ ಬಂದರೆ ಮುಂದುವರಿಯಿರಿ. 'ನಮ್ಮ ವೆಬ್‌ಸೈಟ್ ನೋಡಿ' ಅಂತ ಬಂದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗಿ.