ಏಳಡಿ ಮರೆಗೆ ಯಾವ ಗಿಡ? ನನ್ನ ಓಟು ಕಾಡು ಕರಿಬೇವಿಗೆ

ಬೆಂಗಳೂರಿನ 30×40 ಅಡಿ ಸೈಟಿನಲ್ಲಿ ಮನೆ ಕಟ್ಟಿ ಮುಗಿಯುವಷ್ಟರಲ್ಲಿ ಕಾಂಪೌಂಡಿನ ಪಕ್ಕ ಉಳಿಯುವುದು ಹೆಚ್ಚೆಂದರೆ ಮೂರಡಿ ಮಣ್ಣು. ಮರೆಗೆ ನೆಡುವ ಹಸಿರು ಬೇಲಿ ಬೆಳೆಯಬೇಕಾದ್ದೂ ಅಲ್ಲೇ, ಕತ್ತರಿ ಹಿಡಿದವರು ನಿಲ್ಲಬೇಕಾದ್ದೂ ಅಲ್ಲೇ. ಸಂಪು, ಚೇಂಬರು, ಪೈಪುಗಳಿಗೂ ಅದೇ ಜಾಗ. ಇಷ್ಟರಲ್ಲಿ ಜಗಳವಿಲ್ಲದೆ ಬಾಳುವ ಗಿಡ ಕಾಡು ಕರಿಬೇವು. ನರ್ಸರಿಯಲ್ಲಿ ಮುರಾಯಾ ಅಥವಾ ಮಧುಕಾಮಿನಿ ಅಂತ ಕೇಳಿ. ಗೋಲ್ಡನ್ ಡುರಾಂಟಾ, ಕ್ಲೆರೋಡೆಂಡ್ರಮ್, ಥೂಜಾ, ಬಿದಿರು, ಕೊನೊಕಾರ್ಪಸ್ ಎಲ್ಲದಕ್ಕೂ ಕತ್ತರಿ ಹಾಕಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಏಳಡಿ ಎತ್ತರ ಯಾಕೆ ಅಂದರೆ, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಅಷ್ಟು ಮರೆ ಸಾಕು. ಎದುರುಮನೆಯ ಮೊದಲ ಮಹಡಿ ಬಾಲ್ಕನಿಯನ್ನು ಬೇಲಿಯಿಂದ ಮುಚ್ಚುವ ಆಸೆ ಬಿಡಿ. ಅದಕ್ಕೆ ಬೇಕಾಗುವುದು ಮರ, ಮರ ಬೆಳೆದರೆ ಕರೆಂಟು ತಂತಿ ಅಡ್ಡ ಬರುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವುದು ಬೇಗ ಬೆಳೆಯುತ್ತೆ? ಬೇಗ ಬೆಳೆಯುವ ಗಿಡ ಏಳಡಿಗೆ ಬಂದು ತಾನಾಗಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಡುರಾಂಟಾವನ್ನು ಮೂರು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಕೂದಲು ಕೆದರಿದಂತಾಗುತ್ತದೆ. ಕಾಡು ಕರಿಬೇವಿಗೆ ವರ್ಷಕ್ಕೆ ನಾಲ್ಕು ಸಲ ಕತ್ತರಿ ಸಾಕು. ಮಾಲಿಯ ಕೂಲಿ ಕೊಡುವವರು ಈ ವ್ಯತ್ಯಾಸವನ್ನು ಗಿಡದ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಬದಲಿಗೆ ಕಾಯಬೇಕು, ನಿಜ: ಡುರಾಂಟಾ ಎರಡನೇ ಮಳೆಗಾಲಕ್ಕೆ ತಲೆಯೆತ್ತರ ಬಂದರೆ, ಇದಕ್ಕೆ ಮೂರು ವರ್ಷ ಬೇಕು.

ಈಗ ನಿಜವಾದ ತಲೆನೋವು. ಯಾವ ಬೇಲಿಯಾದರೂ ಸರಿ, ಬೆಂಗಳೂರಿನ ಸೈಟಿನಲ್ಲಿ ಬುಡ ಬೋಳಾಗುತ್ತದೆ. ಮೇಲೆ ಹಸಿರು ಕೊಡೆ, ಕೆಳಗೆ ಎರಡಡಿ ಬರೀ ಕಡ್ಡಿ. ಒಂದು ಕಡೆ ಐದಡಿ ಕಾಂಪೌಂಡ್, ಇನ್ನೊಂದು ಕಡೆ ಮನೆ ಗೋಡೆ. ಬುಡಕ್ಕೆ ಬಿಸಿಲು ಬೀಳುವುದೇ ಮಧ್ಯಾಹ್ನ ಒಂದೆರಡು ಗಂಟೆ. ಬಿಸಿಲು ಕಾಣದ ಎಲೆಯನ್ನು ಗಿಡ ಉದುರಿಸುತ್ತದೆ. ನರ್ಸರಿಯಲ್ಲೂ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿರುವುದರಿಂದ ನಾಲ್ಕಡಿ ಗಿಡ ಅಂತ ಮಾರುವುದರಲ್ಲಿ ಕೆಳಗಿನ ಎರಡಡಿ ಆಗಲೇ ಬೋಳಾಗಿರುತ್ತದೆ. ಬೇಗ ಮರೆ ಸಿಗಲಿ ಅಂತ ಅದನ್ನೇ ದುಬಾರಿ ಕೊಟ್ಟು ತರುತ್ತಾರೆ.

ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿ ಸಾಲಿಗೆ ಹೋದರೆ ಎತ್ತರದ ಗಿಡದ ಕಡೆ ನೋಡಲೇಬೇಡಿ. ಒಂದರಿಂದ ಒಂದೂವರೆ ಅಡಿಯ, ಮಣ್ಣಿನ ಹತ್ತಿರವೇ ಮೂರ್ನಾಲ್ಕು ಕವಲೊಡೆದ ಗಿಡ ಆರಿಸಿ. ಚೀಲ ಸ್ವಲ್ಪ ಸರಿಸಿ ಬೇರು ನೋಡಿ. ಬೇರು ಹಗ್ಗದಂತೆ ಸುತ್ತಿಕೊಂಡಿದ್ದರೆ ಬೇಡ. ಜೂನ್‌ನಲ್ಲಿ ನೆಟ್ಟು, ಹೊಸ ಚಿಗುರು ಬಂದ ಕೂಡಲೇ ಎಲ್ಲ ಗಿಡಗಳನ್ನೂ ಎಂಟು ಹತ್ತು ಇಂಚಿಗೆ ಕತ್ತರಿಸಿ. ದುಡ್ಡು ಕೊಟ್ಟು ತಂದ ಗಿಡದ ತಲೆ ಹಾರಿಸಲು ಕೈ ಬರುವುದಿಲ್ಲ, ಮನೆಯವರೂ ಬೈಯುತ್ತಾರೆ. ಆದರೆ ತುದಿಕುಡಿ ಇರುವವರೆಗೂ ಕೆಳಗಿನ ಗೆಣ್ಣುಗಳ ಮೊಗ್ಗು ಎಚ್ಚರಾಗುವುದಿಲ್ಲ. ಕತ್ತರಿಸಿದ ಮೇಲೆ ಬರುವ ಚಿಗುರು ಆರಿಂಚು ಆದಾಗ ಅದರ ಅರ್ಧ ತೆಗೆಯಿರಿ. ಮೊದಲ ವರ್ಷ ಪೂರ್ತಿ ಇದೇ ಕ್ರಮ. ಎತ್ತರ ಎರಡಡಿ ದಾಟಲಿಲ್ಲ ಅಂತ ಬೇಜಾರಾಗಬೇಡಿ.

ಎರಡನೇ ವರ್ಷದಿಂದ ಆಕಾರ ಮುಖ್ಯ. ಬುಡದಲ್ಲಿ ಒಂದೂಮುಕ್ಕಾಲಡಿ ಅಗಲ, ನೆತ್ತಿಯಲ್ಲಿ ಒಂದಡಿ. ಮಾಲಿಗಳು ರೂಢಿಯಂತೆ ಗೋಡೆಯ ಹಾಗೆ ನೇರ ಕತ್ತರಿಸುತ್ತಾರೆ, ಮೇಲ್ಭಾಗ ಬೇಗ ಬೆಳೆಯುವುದರಿಂದ ತಿಂಗಳಲ್ಲಿ ನೆತ್ತಿಯೇ ಅಗಲವಾಗಿ ಬುಡಕ್ಕೆ ನೆರಳು ಮಾಡುತ್ತದೆ. ಎರಡು ತುದಿಗೂ ಗೂಟ ನೆಟ್ಟು ಓರೆಯಾಗಿ ದಾರ ಕಟ್ಟಿಕೊಟ್ಟರೆ ಹೇಳುವ ಕೆಲಸ ತಪ್ಪುತ್ತದೆ.

ಆಗಲೇ ಬೋಳಾಗಿರುವ ಬೇಲಿ ಇದ್ದರೆ ಗಿಡ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಾಡು ಕರಿಬೇವು, ಡುರಾಂಟಾ, ಕ್ಲೆರೋಡೆಂಡ್ರಮ್ ಮೂರೂ ಹಳೇ ಕಟ್ಟಿಗೆಯಿಂದ ಚಿಗುರುತ್ತವೆ. ಮುಂಗಾರು ಹಿಡಿದ ಮೇಲೆ ಒಂದು ಮಗ್ಗುಲನ್ನು ಮಾತ್ರ ಕಾಂಡದ ಹತ್ತಿರಕ್ಕೆ ಕತ್ತರಿಸಿ, ಇನ್ನೊಂದು ಮಗ್ಗುಲು ಮುಂದಿನ ವರ್ಷಕ್ಕಿರಲಿ. ಥೂಜಾಗೆ ಈ ಭಾಗ್ಯವಿಲ್ಲ. ಎಲೆಯಿಲ್ಲದ ಕಂದು ಕಟ್ಟಿಗೆವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಹಸಿರು ಬರುವುದಿಲ್ಲ. ಸ್ಕೂಟರ್ ಒರಗಿಸಿ ಆದ ತೂತು ಕೂಡ ಹಾಗೇ ಉಳಿಯುತ್ತದೆ. ನೋಡಲು ಥೂಜಾದಷ್ಟು ಚೆಂದ ಬೇರೆ ಯಾವುದೂ ಇಲ್ಲ, ಆದರೂ ನೆರಳಿನ ಓಣಿಗೆ ಅದು ಬೇಡ.

ಕೊನೊಕಾರ್ಪಸ್ ಬಗ್ಗೆ ಒಂದೇ ಮಾತು: ಬೇಡ. ಬೇರು ನೀರು ಹುಡುಕಿಕೊಂಡು ಚೇಂಬರಿನ ಸಂದಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಆಲ, ಅತ್ತಿಯ ಬಳಗದ ಫೈಕಸ್ ಜಾತಿಗಳಿಗೂ ಸಂಪಿನ ಹತ್ತಿರ ಜಾಗ ಕೊಡಬೇಡಿ.

ಬಿದಿರಿನಲ್ಲಿ ಹರಡದೆ ಒಂದೇ ಕಡೆ ಹಿಂಡಿಲು ಕಟ್ಟುವ ಬ್ಯಾಂಬುಸಾ ಮಲ್ಟಿಪ್ಲೆಕ್ಸ್ ಜಾತಿ ವೇಗದಲ್ಲಿ ಎಲ್ಲರಿಗಿಂತ ಮುಂದು. ಒಣಗಿದ ಎಲೆ ವರ್ಷವಿಡೀ ಉದುರಿ ಮಳೆನೀರು ಕೊಯ್ಲಿನ ಜಾಲರಿ ಕಟ್ಟಿಕೊಳ್ಳುತ್ತದೆ. ಗುಡಿಸುವವರಿದ್ದರೆ ಒಳ್ಳೆಯದೇ.

ಗೋಲ್ಡನ್ ಡುರಾಂಟಾ ಅಗ್ಗ, ಎಲ್ಲೆಡೆ ಸಿಗುತ್ತದೆ. ನೆರಳಲ್ಲಿ ಹೊಂಬಣ್ಣ ಹೋಗಿ ಪೇಲವ ಹಸಿರಾಗುತ್ತದೆ. ಕಾಯಿ ವಿಷ, ಹಳದಿ ಗೊಂಚಲು ನೋಡಿ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಹಾಗಿರುತ್ತದೆ.

ಕಾಡು ಕರಿಬೇವಿಗೆ ನಿಜವಾದ ಪೈಪೋಟಿ ಕೊಡುವುದು ಕ್ಲೆರೋಡೆಂಡ್ರಮ್ ಇನರ್ಮೆ. ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ, ಎಲೆ ಕಹಿಯಾದ್ದರಿಂದ ಮೇಕೆ ಬಾಯಿ ಹಾಕುವುದಿಲ್ಲ. ಮೂಲತಃ ಕಡಲತೀರದ ಗಿಡ, ಉಪ್ಪುನೀರಿಗೆ ಹೆದರುವುದಿಲ್ಲ. ಇದು ಸಣ್ಣ ಮಾತಲ್ಲ: 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದರಲ್ಲ, ಆಗ ಆರ್‌ಒ ಯಂತ್ರದ ಉಪ್ಪಂಶ ಹೆಚ್ಚಿರುವ ವೇಸ್ಟ್ ನೀರೇ ಗತಿ. ಆ ನೀರಿಗೆ ಕಾಡು ಕರಿಬೇವಿನ ಎಲೆತುದಿ ಸುಡುತ್ತದೆ, ಕ್ಲೆರೋಡೆಂಡ್ರಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉದ್ದ ಬೇಲಿ, ಕಡಿಮೆ ದುಡ್ಡು, ಬಯಲು ಬಿಸಿಲು ಇರುವ ಕಡೆ ಅದೇ ಸರಿ. ಮೂರಡಿ ಓಣಿಯಲ್ಲಿ ಮಾತ್ರ ಅದರ ಬಳ್ಳಿಯಂಥ ಕೊಂಬೆಗಳು ಪಕ್ಕದ ಮನೆ ಕಿಟಕಿಗೆ ಹೋಗಿ ಜಗಳ ತರುತ್ತವೆ.

ಕಾಡು ಕರಿಬೇವಿಗೂ ಒಂದು ಕಾಯಿಲೆಯಿದೆ: ಎಲೆ ಹಳದಿ, ನರ ಮಾತ್ರ ಹಸಿರು. ಮನೆ ಕಟ್ಟುವಾಗ ಹೂತುಹೋದ ಸಿಮೆಂಟ್ ಹೆಂಟೆ, ಗಾರೆಯಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಬೋರ್‌ವೆಲ್‌ನ ಗಡಸು ನೀರು ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಾಂಪೌಂಡ್ ಗೋಡೆಯಿಂದ ಒಂದಡಿ ಬಿಟ್ಟು, ಒಂದೂವರೆ ಅಡಿ ಆಳದ ಕಾಲುವೆ ತೋಡಿ ಜಲ್ಲಿ, ಗಾರೆ ಎಲ್ಲ ಎತ್ತಿಹಾಕಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ. ಹಳದಿ ಬಂದೇಬಿಟ್ಟರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಮುಚ್ಚುವುದನ್ನು ಮರೆಯಬೇಡಿ, ಸುಣ್ಣಬಣ್ಣದ ಮೇಲೆ ಬಿದ್ದ ತುಕ್ಕುಕಲೆ ಹೋಗುವುದಿಲ್ಲ.

ಹಿತ್ತಲಲ್ಲಿ ನಿಂಬೆ ಗಿಡ ಇದ್ದವರಿಗೆ ನಾನೂ ಕಾಡು ಕರಿಬೇವು ಹೇಳುವುದಿಲ್ಲ. ನಿಂಬೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಇದರ ಎಳೆಚಿಗುರಿನಲ್ಲಿ ಸಂಸಾರ ಹೂಡುತ್ತದೆ. ಹೂವಿನ ಘಾಟಿಗೆ ರಾತ್ರಿ ತಲೆನೋವು ಬರುವವರಿಗೂ ಮಲಗುವ ಕೋಣೆ ಕಿಟಕಿಯ ಕೆಳಗೆ ಬೇಡ. ಉಳಿದವರು, 40 ಅಡಿ ಉದ್ದಕ್ಕೆ ಒಂದೂವರೆ ಅಡಿಗೊಂದರಂತೆ 27 ಗಿಡ ಲೆಕ್ಕ ಹಾಕಿ, ಪ್ರತಿ ತೂತಿಂದ ಗಂಟೆಗೆ ಎರಡು ಲೀಟರ್ ಹನಿಸುವ ಇನ್‌ಲೈನ್ ಡ್ರಿಪ್ ಪೈಪು ಎಳೆಯಿರಿ. ಜೊತೆಗೆ ಮೂರು ಗಿಡ ಹೆಚ್ಚಿಗೆ ತಂದು ಕುಂಡದಲ್ಲಿಟ್ಟು, ಅವನ್ನೂ ಬೇಲಿಯ ಜೊತೆಗೇ ಕತ್ತರಿಸುತ್ತಿರಿ. ನಡುವೆ ಒಂದು ಸತ್ತರೆ ಅದೇ ವಯಸ್ಸಿನ, ಅದೇ ಅಳತೆಯ ಗಿಡ ಆಮೇಲೆ ಎಲ್ಲೂ ಸಿಗುವುದಿಲ್ಲ.